ನನ್ನ ಹೆಗಲೆಲುಬೂ ಗಂಗವ್ವಾಯಿಯ ಗೋಡೆಯೂ

ಎಪ್ಪತ್ತರ ದಶಕದಲ್ಲಿ ನಾನು ಇಂಡಿಯಲ್ಲಿ ಶಾಲಾ ಮಾಸ್ತರನಾಗಿದ್ದೆ. ಸರ್ಕಾರದ ಪ್ರಕಾರ ನಾನು ಗಣಿತ ಕಲಿಸುವವನು. ನನ್ನ ಪ್ರಕಾರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕಿಗೆ ಒಬ್ಬನೇ ಒಬ್ಬ ವಾಲಿಬಾಲ್ ಸ್ಮ್ಯಾಶರ್. ಈ ಎರಡನೆಯ ಸಂಗತಿಯನ್ನು ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ರವಿವಾರ ನನ್ನ ಹೆಂಡತಿ ಶಾಂತಾ ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿದಳು.

"ಅಲ್ರಿ, ಇನ್ನೊಮ್ಮೆ ಬಲಗೈ ಮ್ಯಾಲೆತ್ತರಿ."

ಎತ್ತಿದೆ.

"ಈ ಕಡೀ ಹೆಗಲೆಲುಬು ಹೊರಗ ಬರಾಕತ್ತೈತಿ. ಕೋಳಿ ರೆಕ್ಕಿ ಬಿಚ್ಚಿದಾಂಗ! ಟಕ್ ಅಂತ ಸಪ್ಪಳಾನೂ ಬರತೈತಿ."

"ಅದು ಶಕ್ತಿ ಹೊರಡೂ ಸಪ್ಪಳ," ಎಂದೆ ಗಂಭೀರವಾಗಿ. "ದೊಡ್ಡ ದೊಡ್ಡ ಆಟಗಾರರಿಗೆ ಹಿಂಗs ಇರತೈತಿ."

"ನಿಮಗ್ಯಾಕ ಬಂತು ಮತ್ತ?"

ಮರುದಿನ ಶಿಕ್ಷಕರ ಕೋಣೆಯಲ್ಲಿ ಅಂಗಿ ಬಿಚ್ಚಿ ಎಲ್ಲರಿಗೂ ಆ ಎಲುಬು ತೋರಿಸಿದೆ. ಹೆಡ್ ಮಾಸ್ತರರು ಬಹಳ ಹೊತ್ತು ನೋಡಿ, "ಅಂಗಿ ಹಾಕ್ಕೋರಿ," ಎಂದರು. ಅವರಿಗೆ ಹೊಟ್ಟೆಕಿಚ್ಚು ಎಂದು ತಿಳಿದುಕೊಂಡೆ.

ಆ ವಾರವೇ ಸಿಂದಗಿಯಲ್ಲಿ ಪಂದ್ಯ. ಚೆಂಡು ನೆಟ್ಟಿನ ಮೇಲೆ ಚೆಂದಾಗಿ ಎದ್ದಿತ್ತು. ನಾನೂ ಎದ್ದೆ. ಕೈಯೂ ಎದ್ದಿತು. ಟಕ್! ಹೆಗಲಲ್ಲಿ ಯಾರೋ ಕೆಂಡ ಇಟ್ಟಂತಾಯಿತು. ಚೆಂಡು ನೆಟ್ಟಿನ ಆ ಕಡೆ ಹೋಗುವ ಬದಲು ಪಕ್ಕದ ಶಾಮಿಯಾನದೊಳಗೆ ಹೋಗಿ, ಮುಖ್ಯ ಅತಿಥಿಗಳ ಕೈಯಲ್ಲಿದ್ದ ಚಹಾವನ್ನು ಅವರ ಬಿಳಿ ಧೋತರಕ್ಕೆ ಕುಡಿಸಿತು.

"ಮಾಸ್ತರ ಹೊಡದ್ರೋ, ಚೆಲ್ಲಿದ್ರೋ?" ಎಂದು ಜನರ ನಡುವಿನಿಂದ ಯಾರೋ ಕೂಗಿದರು. ನಾವು ಸೋತೆವು. ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ನನ್ನ ಪಕ್ಕದ ಸೀಟು ಮಾತ್ರ ಖಾಲಿ!

ಶಾಂತಾ ನನ್ನನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಮೈಸೂರು ಕಡೆಯವರು, ಬಹಳ ಮೃದು ಮಾತು. ನನ್ನ ಕೈ ಎತ್ತಿಸಿ, ಇಳಿಸಿ ನೋಡಿ, "ತೋಳು ಎತ್ತಿದಾಗ ಈ ಎಲುಬು ಪಕ್ಕೆಲುಬಿಗೆ ಅಂಟಿಕೊಂಡೇ ಜಾರಬೇಕು. ಅದನ್ನು ಹಿಡಿದಿಡುವ ಸ್ನಾಯುಗಳು ನಿಮ್ಮಲ್ಲಿ ಸೋತಿವೆ. ಬರೀ ಹೊಡೆದಿದ್ದೀರಿ, ವ್ಯಾಯಾಮ ಮಾಡಿಲ್ಲ. ಸ್ವಲ್ಪ ಕಾಲ ಆಟ ಬಿಡಿ. ದಿನಾ ಗೋಡೆಗೆ ಎರಡೂ ಅಂಗೈ ಊರಿ ಮೆತ್ತಗೆ ತಳ್ಳಿ," ಎಂದರು.

"ಮೆತ್ತಗ ಅಂದಾರ, ಕೇಳಿಸ್ಕೊಂಡ್ರಿಲ್ಲೊ?" ಎಂದಳು ಶಾಂತಾ, ಮೆಟ್ಟಿಲು ಇಳಿಯುವಾಗ.

ಕೇಳಿಸಿಕೊಂಡಿದ್ದೆ. ಆದರೆ ಮೆತ್ತಗೆ ಎಂಬುದು ಸಾಮಾನ್ಯ ರೋಗಿಗಳಿಗೆ ಹೇಳುವ ಮಾತು. ಒಬ್ಬ ಸ್ಮ್ಯಾಶರ್ ಗೋಡೆ ತಳ್ಳುವುದೆಂದರೆ ಅದಕ್ಕೊಂದು ಘನತೆ ಬೇಡವೇ?

ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಹಳೆಯ ಮಣ್ಣಿನ ಗೋಡೆಯಿತ್ತು. ಅದರಾಚೆ ಗಂಗವ್ವಾಯಿ ಎಂಬ ಮುದುಕಿಯ ಮನೆ ಮತ್ತು ಅವಳ ಎಮ್ಮೆ. ನಾನು ದಿನಾ ಬೆಳಿಗ್ಗೆ ಬನಿಯನ್ ಹಾಕಿಕೊಂಡು, ಹಲ್ಲು ಕಚ್ಚಿ, ಹುಂಕಾರ ಹಾಕುತ್ತ ಆ ಗೋಡೆಯನ್ನು ತಳ್ಳತೊಡಗಿದೆ.

ಗೋಡೆಯ ಮೇಲಿಂದ ಒಂದು ತಲೆ ಕಂಡಿತು.

"ಏ ಮಾಸ್ತರಾ, ನನ್ನ ಗ್ವಾಡಿ ಮ್ಯಾಲ ಏನ್ ಸಿಟ್ಟೋ ನಿನಗ?"

"ಸಿಟ್ಟಲ್ಲಬೇ ಆಯಿ, ಔಷಧ!"

"ಗ್ವಾಡಿ ದಬ್ಬೂ ಔಷಧ ಯಾವ ದವಾಖಾನ್ಯಾಗ ಕೊಡ್ತಾರೋ?" ಎಂದು ತಲೆ ಇಳಿಯಿತು.

ಒಂದು ದಿನ ಚಲೋ ಮಳೆ ಬಂತು. ಮರುದಿನ ಬೆಳಿಗ್ಗೆ ಹೆಗಲು ಹಗುರವೆನಿಸಿತು. ಸಂತೋಷಕ್ಕೆ ಇನ್ನೂ ಜೋರಾಗಿ ತಳ್ಳಿದೆ. ಗೋಡೆ ಮೊದಲ ಸಲ ನನ್ನ ಮಾತು ಕೇಳಿತು. ದಢಾರ್! ಧೂಳಿಲ್ಲ, ಬರೀ ಕೆಸರು. ಆ ಕೆಸರಿನಾಚೆ ಎಮ್ಮೆ ಮೇಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಆಮೇಲೆ ನಿಧಾನವಾಗಿ ಈ ಕಡೆ ಬಂದು, ಬಿಸಿಲು ಬಂತೆಂದು ಶಾಂತಾ ಆಗಷ್ಟೇ ಒಣಹಾಕಿದ್ದ ಸಂಡಿಗೆಗೆ ಬಾಯಿ ಹಾಕಿತು.

ಗಂಗವ್ವಾಯಿಯ ಕೂಗಿಗೆ ಇಡೀ ಓಣಿ ಬಂತು. ಬಂದ ಮೇಲೆ ನನಗೆ ಗೊತ್ತಾದದ್ದೇನೆಂದರೆ, ನಮ್ಮ ಮನೆ ಮಾಲೀಕ ಮಲ್ಲಪ್ಪನಿಗೂ ಅವಳಿಗೂ ಆ ಗೋಡೆಯ ಜಾಗದ ಬಗ್ಗೆ ಬಹಳ ವರ್ಷಗಳಿಂದ ತಕರಾರು!

"ಈ ಮಲ್ಲಪ್ಪನs ಮಾಸ್ತರನ್ನ ಬಾಡಿಗಿಗೆ ಇಟ್ಟು ಗ್ವಾಡಿ ಕೆಡವಿಸ್ಯಾನ," ಎಂದು ಅವಳು ಎದೆ ಬಡಿದುಕೊಂಡಳು.

"ನಾ ಯಾಕ ಹೇಳಲಿ? ಇಂವಗs ತಲಿ ಕೆಟ್ಟೈತಿ. ಮನಿ ಖಾಲಿ ಮಾಡ್ರಿ ಮಾಸ್ತರ್ರ!" ಎಂದು ಮಲ್ಲಪ್ಪ ನನ್ನ ಮೇಲೆ ತಿರುಗಿದ.

ಮನೆಯೂ ಹೋಗುವ, ಮಾನವೂ ಹೋಗುವ ಹೊತ್ತು. ಸಂಜೆ ಕಟ್ಟೆಯ ಮೇಲೆ ಹಿರಿಯರು ಕೂತರು. ಹೆಗಲೆಲುಬಿನ ಸಂಗತಿಯನ್ನು ಪಾಠ ಮಾಡುವಂತೆ ವಿವರಿಸಿದೆ. ಯಾರಿಗೂ ನಂಬಿಕೆ ಬರಲಿಲ್ಲ.

"ಅಂಗಿ ಬಿಚ್ಚರಿ," ಎಂದರು ಎಲ್ಲರಿಗಿಂತ ಹಿರಿಯರಾದ ಶಿವರುದ್ರಪ್ಪ ಕಾಕಾ.

ಬಿಚ್ಚಿ ಕೈ ಎತ್ತಿದೆ. ಟಕ್! ಅಂದು ಆ ಸಪ್ಪಳ ಕೇಳಿ ಜೀವಕ್ಕೆ ಹಾಯ್ ಎನಿಸಿತು. ಹಿರಿಯರು ಒಬ್ಬೊಬ್ಬರಾಗಿ ಬಂದು ಎಲುಬು ಮುಟ್ಟಿ ನೋಡಿದರು. ಮುಟ್ಟಿದವರಲ್ಲಿ ಕೆಲವರು ಸಾಲಿನ ಹಿಂದೆ ಹೋಗಿ ಮತ್ತೆ ಬಂದರು.

"ಎತ್ತಿನ ಹೆಗಲ ಹಿಂಗಾದ್ರ ನಾವು ಸಂತಿಗೆ ಹೊಡೀತೀವಿ," ಎಂದರು ಕಾಕಾ. ಆಮೇಲೆ ಗಂಗವ್ವಾಯಿಯ ಕಡೆ ತಿರುಗಿ ತೀರ್ಪು ಕೊಟ್ಟರು: "ಇಂವ ಲಫಡಾ, ಮೋಸ ಮಾಡೂ ಮನಷ್ಯಾ ಅಲ್ಲವ್ವಾ. ಬರೇ ಶಾಣ್ಯಾತನ ಕಡಿಮಿ. ಗ್ವಾಡಿ ಮೊದಲ ಎಲ್ಲಿತ್ತೋ ಅಲ್ಲೇ ಕಟ್ಟಸ್ತಾನ."

ಹೀಗೆ, ಬುದ್ಧಿಗೇಡಿ ಎಂದು ಬಹಿರಂಗವಾಗಿ ಸಾಬೀತಾದ್ದರಿಂದ ನಾನು ನಿರಪರಾಧಿಯಾದೆ. ಮಲ್ಲಪ್ಪನೂ ಮನೆ ಬಿಡಿಸಲಿಲ್ಲ. ಗೋಡೆ ಎದ್ದಿತು, ಅದನ್ನು ಮುಟ್ಟಕೂಡದೆಂದು ಗಂಗವ್ವಾಯಿ ನನ್ನಿಂದ ಆಣೆ ಮಾಡಿಸಿಕೊಂಡಳು.

ಮುಂದಿನ ವ್ಯಾಯಾಮವೆಲ್ಲ ಶಾಲೆಯ ಕಲ್ಲುಕಂಬದ ಮೇಲೆ, ಶಾಂತಾಳ ಕಾವಲಿನಲ್ಲಿ. "ಮೆತ್ತಗ!" ಎಂದು ಅವಳು ಗದರಿಸುತ್ತಿದ್ದಳು. ತಿಂಗಳುಗಟ್ಟಲೆ ಮೆತ್ತಗೇ ತಳ್ಳಿದೆ. ಎಲುಬು ತನ್ನ ಜಾಗಕ್ಕೆ ಹೋಗಿ ಕೂತಿತು. ಸಪ್ಪಳ ನಿಂತಿತು. ಡಾಕ್ಟರು ಬೆನ್ನು ತಟ್ಟಿ, "ಇನ್ನು ಆಡಿ," ಎಂದರು.

ಬಸವನ ಬಾಗೇವಾಡಿಯ ತಂಡ ಇಂಡಿಗೆ ಬಂತು. ನಾನು ಇಸ್ತ್ರಿ ಮಾಡಿದ ಚಡ್ಡಿ ಹಾಕಿಕೊಂಡು ಇಳಿದೆ. ಮೊದಲ ಸ್ಮ್ಯಾಶ್ ನೆಟ್ಟಿಗೆ. ಎರಡನೆಯದು ಗೆರೆಯಾಚೆ. ಮೂರನೆಯದು ನಮ್ಮ ಕ್ಯಾಪ್ಟನ್ನನ ತಲೆಗೆ. ಆಮೇಲೆ ನನ್ನನ್ನು ಹೊರಗೆ ಕೂರಿಸಿದರು.

ಸಂಜೆ ಮನೆಗೆ ಬಂದಾಗ ಶಾಂತಾ ರೊಟ್ಟಿ ಬಡಿಯುತ್ತಿದ್ದಳು.

"ಹೆಗಲು ನೋಯ್ತೇನ್ರಿ?"

"ಒಂಚೂರೂ ಇಲ್ಲ."

"ಎಲುಬು ಹೊರಗ ಬಂತೇನು?"

"ಇಲ್ಲ."

"ಮತ್ತ ಗೆದ್ರೇನು?"

ನಾನು ಗೂಟಕ್ಕೆ ಅಂಗಿ ಸಿಗಿಸುತ್ತ ನಿಂತೆ. ಅವಳು ಹಂಚಿನ ಮೇಲೆ ರೊಟ್ಟಿ ಹಾಕಿ, ನಿಟ್ಟುಸಿರು ಬಿಟ್ಟಳು.

"ಇಷ್ಟ ದಿನಾ ಆ ಎಲುಬಿಗೆ ಸುಮ್ಮಸುಮ್ಮನ ಬೈದ್ವಿ, ಬಿಡ್ರಿ."