ಬಾಲಂಗೋಚಿ ಮುಂದೆ ಬಂದ ಭಾನುವಾರ

ಎಲ್ಲ ಶುರುವಾದದ್ದು ಚಪ್ಪಾಳೆಯಿಂದ. ಬೈಗುಳದಿಂದ ಶುರುವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳಿಗೆ ಬೈಗುಳ ಹೊಸದಲ್ಲ. ಕಣ್ಣು ಸ್ಪಷ್ಟವಾದ ಕೂಡಲೇ ಜನ ಮೊದಲು ಬೈಯುವುದು ಎದುರಿಗೆ ಕಂಡವರನ್ನೇ.

ಆ ಬಡಾವಣೆಯಲ್ಲಿ ಭಾನುವಾರದ ಬೆಳಗ್ಗೆ ಓಡುವವರದೊಂದು ಗುಂಪಿತ್ತು. ನೀರಿನ ಟ್ಯಾಂಕಿನಿಂದ ಹೊರಟು, ದೊಡ್ಡ ಮೈದಾನವನ್ನು ಬಳಸಿ, ಪಾರ್ಕಿನ ಗೇಟು ಮುಟ್ಟುವುದು ಅವರ ಓಟ. ಗುಂಪಿಗಿದ್ದದ್ದು ಒಂದೇ ಕಾನೂನು: ಯಾರನ್ನೂ ಹಿಂದೆ ಬಿಡುವಂತಿಲ್ಲ. ಗೇಟು ಮುಟ್ಟಿದವರೆಲ್ಲ ಬಂದ ದಾರಿಯಲ್ಲೇ ತಿರುಗಿ ಹೋಗಿ, ಕೊನೆಯವರು ಎಲ್ಲಿದ್ದಾರೋ ಅಲ್ಲಿ ಅವರನ್ನು ಸುತ್ತುಗಟ್ಟಿ, ಚಪ್ಪಾಳೆ ತಟ್ಟುತ್ತ ಕರೆತರಬೇಕು. ಕಾನೂನು ಮಾಡಿದವರು ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಅವರ ಕೊರಳಿನ ಸೀಟಿ ಅವರನ್ನು ಬಿಟ್ಟಿರಲಿಲ್ಲ.

ಕೊನೆಯವರು ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅವಳೇ. ಗಾಳಿಪಟ ಎಷ್ಟು ಎತ್ತರ ಹೋದರೂ ಹಿಂದೆ ಓಲಾಡುವುದು ಬಾಲಂಗೋಚಿ ತಾನೆ? ಗುಂಪಿನವರು ಅದನ್ನೇ ಅವಳ ಹೆಸರು ಮಾಡಿದ್ದರು. ತಕರಾರು ಹೇಳಲು ಅವಳಿಗೆ ಮುಖವಿರಲಿಲ್ಲ. ಕಾಲುಗಳೇನೋ ರಸ್ತೆಯ ಮೇಲಿರುತ್ತಿದ್ದವು. ಮನಸ್ಸು ಮಾತ್ರ ಅಜ್ಜಿ ಹೇಳಿದ ಕತೆಗಳ ಹಾರುವ ಕುದುರೆ ಏರಿರುತ್ತಿತ್ತು. ಕುದುರೆ ಏಳು ಸಮುದ್ರ ದಾಟುವ ಹೊತ್ತಿಗೆ ಇವಳು ಮೊದಲ ತಿರುವನ್ನೂ ದಾಟಿರುತ್ತಿರಲಿಲ್ಲ.

ಹಿಂದಿನ ಭಾನುವಾರ ಚಪ್ಪಾಳೆ ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ, ಬಸ್ ಕಾಯುತ್ತಿದ್ದವರೂ ಕೈಚೀಲ ಕೆಳಗಿಟ್ಟು ಸೇರಿಕೊಂಡರು. ಮಾರನೆಯ ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ಅವಳನ್ನೇ ದಿಟ್ಟಿಸಿ, "ನೀವೇ ಅಲ್ವಾ, ಪಾಪ, ಓಡೋಕೆ ಒದ್ದಾಡೋರು?" ಅಂದ. ಎದುರಿನ ಬೋರ್ಡಿನ ಆನೆಗಾತ್ರದ ಅಕ್ಷರ ಕಾಣದ ಮನುಷ್ಯನಿಗೆ ಇವಳು ಹಿಂದೆ ಬಿದ್ದದ್ದು ಮಾತ್ರ ಬಸ್ ಸ್ಟಾಪಿನಿಂದಲೇ ಕಂಡಿತ್ತು.

ಅವತ್ತೇ ಅವಳು ನಿರ್ಧರಿಸಿದಳು. ಒಂದೇ ಒಂದು ಭಾನುವಾರ ತನ್ನನ್ನು ಕರೆದುಕೊಂಡು ಹೋಗಲು ಯಾರೂ ಬರಬಾರದು. ತಾನು ಗೇಟಿನ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಬರುವವರಿಗೆ ಚಪ್ಪಾಳೆ ತಟ್ಟಬೇಕು.

"ಅಜ್ಜಿ, ಇವತ್ತು ನಾನು ಕೊನೇಲಿ ಬರಲ್ಲ," ಎಂದಳು ಈ ಭಾನುವಾರ ಬೂಟಿನ ದಾರ ಬಿಗಿಯುತ್ತ.

"ಯಾಕೆ, ಹೋಗ್ತಾ ಇಲ್ವಾ?" ಅಜ್ಜಿ ಹಾಸಿಗೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಕತೇಲಿ ಕಿರೀ ರಾಜಕುಮಾರ ಅಡ್ಡದಾರಿ ಹಿಡಿದು ಎಲ್ಲರಿಗಿಂತ ಮೊದಲು ತಲುಪ್ತಾನಲ್ಲ, ಹಾಗೆ."

"ಅವನಿಗೆ ಗಿಳಿ ದಾರಿ ತೋರಿಸ್ತು ಕಣೇ. ನಿನಗೆ ನಾನು ತೋರಿಸಿದ್ರೂ ಹಾಲಿನಂಗಡಿ ಸಿಗಲ್ಲ."

ಅಡ್ಡದಾರಿ ಇತ್ತು. ಮೈದಾನದ ಈ ಬದಿಯಿಂದ, ಇಸ್ತ್ರಿ ಅಂಗಡಿಯ ಹಿತ್ತಲಿನ ಓಣಿಯಲ್ಲಿ ನುಗ್ಗಿದರೆ ನೇರ ಪಾರ್ಕಿನ ಗೇಟು. ಮೈದಾನ ಸುತ್ತುವ ಗೋಜೇ ಇಲ್ಲ. ಆದರೂ ತಿರುವಿನಲ್ಲಿ ಅವಳಿಗೆ ಒಂದು ಕ್ಷಣ ನಾಚಿಕೆಯಾಯಿತು. ಅಷ್ಟರಲ್ಲಿ ಮುಂದೆ ಓಡುತ್ತಿದ್ದ ಬೇಕರಿಯಣ್ಣ ತಿರುಗಿ, "ಬಾಲಂಗೋಚಿ, ಆರಾಮಾಗಿ ಬಾರಮ್ಮ, ಆಮೇಲೆ ನಾವು ಬಂದು ಕರ್ಕೊಂಡು ಹೋಗ್ತೀವಿ," ಎಂದು ಅಕ್ಕರೆಯಿಂದ ಕೂಗಿದ. ನಾಚಿಕೆ ಸುಟ್ಟುಹೋಯಿತು. ಅವಳು ಓಣಿಗೆ ನುಗ್ಗಿದಳು.

ಹಿತ್ತಲಲ್ಲಿ ತಂತಿಯ ಮೇಲೆ ಒದ್ದೆ ಬೆಡ್‌ಶೀಟುಗಳು ತೂಗುತ್ತಿದ್ದವು. ಮೊದಲನೆಯದನ್ನು ತಪ್ಪಿಸಿಕೊಂಡಳು. ಎರಡನೆಯದು, ದೊಡ್ಡ ಹೂಗಳದ್ದು, ಬಹಳ ದಿನಕ್ಕೆ ಸಿಕ್ಕ ಚಿಕ್ಕಮ್ಮನಂತೆ ಅವಳನ್ನು ಇಡಿಯಾಗಿ ತಬ್ಬಿಕೊಂಡಿತು. ಬಿಡಿಸಿಕೊಳ್ಳಲು ಕೈ ಆಡಿಸಿದಷ್ಟೂ ಸುತ್ತಿಕೊಂಡಿತು. ಮೂಲೆಯಲ್ಲಿ ಮಲಗಿದ್ದ ನಾಯಿ ಕಣ್ಣು ಬಿಟ್ಟು ನೋಡಿತು: ಎರಡು ಕಾಲಿನ ಬೆಡ್‌ಶೀಟು. ನಾಯಿಜನ್ಮದಲ್ಲಿ ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ಅದಕ್ಕೆ ಹೊಳೆದಿರಬೇಕು.

ಆಗ ಅವಳು ಓಡಿದಳು. ಹಾರುವ ಕುದುರೆಯೂ ಬೆನ್ನ ಹಿಂದೆ ಉಳಿಯುವಂತೆ ಓಡಿದಳು.

ಗೇಟಿನ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲು ಬಂದವಳು ತಾನೇ. ಹೆಗಲ ಮೇಲಿನ ಬೆಡ್‌ಶೀಟು ರಾಜಕುಮಾರಿಯ ನಿಲುವಂಗಿಯಂತೆ ಇಳಿಬಿದ್ದಿತ್ತು. ಏದುಸಿರು ಬಿಡುತ್ತ ಬಂದ ನಾಯಿಗೆ ಕಚ್ಚುವ ಉತ್ಸಾಹ ಉಳಿದಿರಲಿಲ್ಲ. ಅದು ಪಕ್ಕದಲ್ಲೇ ಕೂತಿತು. ಅವಳು ಅಭ್ಯಾಸಕ್ಕೆಂದು ಒಂದೆರಡು ಚಪ್ಪಾಳೆ ತಟ್ಟಿದಳು. ನಾಯಿ ಬಾಲ ಅಲ್ಲಾಡಿಸಿತು. ಮತ್ತಾರೂ ಬರಲಿಲ್ಲ. ಬಹಳ ಹೊತ್ತು ಕಳೆದರೂ ಬರಲಿಲ್ಲ. ಆಮೇಲೆ ಮೈದಾನದ ಕಡೆಯಿಂದ ಮೇಷ್ಟ್ರ ಸೀಟಿ ಒಂದೇ ಸಮನೆ ಕಿರುಚತೊಡಗಿತು.

ಸೈಕಲ್ಲಿನ ಮೇಲೆ ಪೇಪರ್ ಹಾಕುವವನು ಬಂದ. "ಇಲ್ಲೇ ನಿಂತಿದ್ದೀರಲ್ಲ? ಯಾರೋ ಹುಡುಗಿ ಓಡ್ತಾ ಓಡ್ತಾ ಬಿದ್ಲಂತೆ, ಅವಳನ್ನ ಬಟ್ಟೇಲಿ ಸುತ್ತಿ ಎತ್ಕೊಂಡು ಹೋದ್ರಂತೆ. ಎಲ್ಲರೂ ಹುಡುಕ್ತಿದ್ದಾರೆ."

"ಯಾವ ಹುಡುಗಿ?"

"ಅದೇ, ಚಪ್ಪಾಳೆ ಹೊಡೆಸ್ಕೊಳ್ಳೋಳು."

ಅವಳು ಹೆಗಲ ಮೇಲಿನ ಬೆಡ್‌ಶೀಟು ನೋಡಿಕೊಂಡಳು. ನಡೆದದ್ದೇನು ಎಂಬುದು ಈಗ ಅರ್ಥವಾಯಿತು. ಮೈದಾನದ ಆ ತುದಿಯಲ್ಲಿ ಗುಂಪಿನ ಹಲ್ಲಿನ ಡಾಕ್ಟರಮ್ಮ ಎಂದಿನಂತೆ ಹಿಂತಿರುಗಿ ನೋಡಿರುತ್ತಾಳೆ. ದೂರದಲ್ಲಿ ತಾನೆಂಬ ಎಂದಿನ ಚುಕ್ಕೆ ಕಂಡಿರುವುದಿಲ್ಲ. ಯಾರನ್ನೂ ಬಿಡಬಾರದೆಂಬ ಕಾನೂನಿನ ಪ್ರಕಾರ ಗುಂಪು ಗೇಟು ಮುಟ್ಟದೇ ಹಿಂದಕ್ಕೆ ತಿರುಗಿರುತ್ತದೆ. ಓಣಿಯಲ್ಲಿ ಯಾರೋ ಕಂಡ ಬೆಡ್‌ಶೀಟಿನ ಸಂಗತಿ ಬಾಯಿಂದ ಬಾಯಿಗೆ ಹೋಗುತ್ತ ಕೈಕಾಲು ಬೆಳೆಸಿಕೊಂಡಿರುತ್ತದೆ.

ಇಲ್ಲೇ ನಿಂತರೆ ಅಡ್ಡದಾರಿ ಹಿಡಿದದ್ದು ಬಯಲಾಗುತ್ತದೆ. ಉಳಿದ ಉಪಾಯ ಒಂದೇ: ಅದೇ ಓಣಿಯಲ್ಲಿ ವಾಪಸು ಹೋಗಿ, ಎಲ್ಲರ ಹಿಂದೆ ಎಲ್ಲೋ ಬಿದ್ದಿರುವಂತೆ ಸಿಕ್ಕಿಬಿಡುವುದು. ಮುಂದೆ ಬರಬೇಕೆಂದು ಹೊರಟವಳು ಈಗ ಹಿಂದೆ ಬೀಳಲು ಜೀವ ಬಿಟ್ಟು ಓಡಿದಳು. ನಾಯಿಯೂ ಜೊತೆಗೆ ಬಂತು.

ಬೆಡ್‌ಶೀಟನ್ನು ತಂತಿಗೆ ಹಾಕುತ್ತಿರುವಾಗ ಮುಂಗೈಯನ್ನು ಯಾರೋ ಹಿಡಿದರು. ಇಸ್ತ್ರಿಯಮ್ಮನ ಹಿಡಿತ, ಕಾದ ಪೆಟ್ಟಿಗೆ ಎತ್ತಿದ ಕೈ.

"ಓ, ಬೆಡ್‌ಶೀಟು ನೀನೇನಾ? ನಡಿ. ನಿನ್ನ ಹುಡುಕಿ ಹುಡುಕಿ ಅಲ್ಲಿ ಜನ ಸುಸ್ತಾಗಿದ್ದಾರೆ."

ಮೈದಾನದಲ್ಲಿ ಅರ್ಧ ಬಡಾವಣೆ ನೆರೆದಿತ್ತು. ಆದರೆ ಯಾರೂ ಹುಡುಕುತ್ತಿರಲಿಲ್ಲ. ಎಲ್ಲರೂ ಹುಲ್ಲಿನ ಮೇಲೆ ಕೂತಿದ್ದರು. ನಡುವೆ ಸುದ್ದಿ ಕೇಳಿ ಬಂದ ಅಜ್ಜಿ, ಕೋಲನ್ನು ಮಡಿಲಲ್ಲಿಟ್ಟುಕೊಂಡು, ಮೊಮ್ಮಗಳು ಮೂರು ವರ್ಷದವಳಿದ್ದಾಗ ಹಿಟ್ಟಿನ ಡಬ್ಬದಲ್ಲಿ ಅಡಗಿ ಕಳೆದುಹೋದ ಕತೆ ಹೇಳುತ್ತಿದ್ದರು. ಅಳುವುದಕ್ಕೆಂದು ಕೂತಿದ್ದ ಬೇಕರಿಯಣ್ಣ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

"ಸಿಕ್ಕಿದಳು," ಎಂದಳು ಇಸ್ತ್ರಿಯಮ್ಮ.

"ಇರಮ್ಮ, ಡಬ್ಬದ ಮುಚ್ಚಳ ತೆಗೀತಾ ಇದ್ದಾರೆ," ಎಂದರು ಮೇಷ್ಟ್ರು. ಆಮೇಲೆ ಗಡಬಡಿಸಿ ಎದ್ದರು.

ಸುಳ್ಳೊಂದು ನಾಲಿಗೆ ತುದಿಯವರೆಗೆ ಬಂದಿತ್ತು. ಬೇಕರಿಯಣ್ಣನ ಕೆಂಪಾದ ಕಣ್ಣು ನೋಡಿ ಅದು ಒಳಗೇ ಕರಗಿತು. "ಅಡ್ಡದಾರೀಲಿ ಹೋದೆ. ಒಂದ್ಸಲನಾದ್ರೂ ನೀವು ಯಾರೂ ಹಿಂದೆ ಬಂದು ಕರ್ಕೊಂಡು ಹೋಗಬಾರದು ಅನ್ನಿಸ್ತು. ಗುಂಪಿಂದ ತೆಗೀತೀರ ಅಂದ್ರೆ ತೆಗೀರಿ."

"ತೆಗೆಯೋದಾ?" ಮೇಷ್ಟ್ರು ಮಂಡಿ ನೀವಿಕೊಂಡರು. "ನೀನು ಮುಂದೆ ಹೋದ್ರೆ ನಮ್ಮ ಗತಿ ಏನು? ಈ ಮಂಡಿ ಓಡೋದು ಗೇಟಿನವರೆಗೆ, ಅಷ್ಟೇ. ಆಮೇಲೆ ನಿನ್ನ ಕರ್ಕೊಂಡು ಬರೋ ನೆಪದಲ್ಲಿ ನಡ್ಕೊಂಡು ಬರ್ತೀನಲ್ಲ, ಅದಕ್ಕೋಸ್ಕರ ನಾನು ಬೆಳಗ್ಗೆ ಏಳೋದು."

"ನಾನೂ ಅಷ್ಟೇ," ಎಂದ ಬೇಕರಿಯಣ್ಣ. "ನಿನ್ನ ಜೊತೆ ಮಾತಾಡ್ತಾ ಬರುವಾಗ್ಲೇ ನನಗೆ ಉಸಿರು ವಾಪಸ್ ಬರೋದು."

"ಚಪ್ಪಾಳೆ ನಿನಗೆ ಅಂದ್ಕೊಂಡಿದ್ಯಾ?" ಡಾಕ್ಟರಮ್ಮ ಕೇಳಿದಳು. "ಸದ್ಯ, ಇವತ್ತಿಂದು ಮುಗೀತಲ್ಲ ಅಂತ ತಟ್ಟೋದು."

ಆದರೂ ಬಾಲಂಗೋಚಿಯ ಆಸೆ ಆಸೆಯೇ. "ಆದ್ರೂ, ನನಗಿಂತ ಹಿಂದೆ ಬರೋರು ಒಬ್ಬರು ಇದ್ದಿದ್ರೆ..." ಎಂದಳು ಮೆಲ್ಲಗೆ.

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಕರಿಯಣ್ಣ ಆಕಾಶ ನೋಡಿದ. ಡಾಕ್ಟರಮ್ಮನಿಗೆ ಬೂಟಿನ ದಾರ ನೆನಪಾಯಿತು.

"ನಾನು ಬರ್ತೀನಿ," ಎಂದು ಅಜ್ಜಿ ಕೋಲೂರಿ ಎದ್ದರು. "ಮನೇಲಿ ನನ್ನ ಕತೆ ಕೇಳೋರು ಯಾರಿದ್ದಾರೆ? ಇವಳು ಅರ್ಧಕ್ಕೇ ನಿದ್ದೆ ಹೋಗ್ತಾಳೆ."

ಮೇಷ್ಟ್ರು ಸೀಟಿ ಊದಿಯೇಬಿಟ್ಟರು. ಬಾಲಂಗೋಚಿ ಅಜ್ಜಿಯನ್ನು ತಬ್ಬಿಕೊಂಡಳು. ಭೂಮಿಯ ಮೇಲೆ ತನಗಿಂತ ನಿಧಾನವಾಗಿ ಹೋಗುವ ಒಂದೇ ಒಂದು ಜೀವ ತನ್ನ ಮನೆಯಲ್ಲೇ ಇದ್ದದ್ದು ಇಷ್ಟು ದಿನ ಹೊಳೆದಿರಲಿಲ್ಲ.

ಆಗಲೇ ಎಲ್ಲರೂ ಗೇಟಿನ ಕಡೆ ಹೊರಟರು. ಅವಳು ಕೈ ಬೀಸಿಕೊಂಡು ನಾಲ್ಕು ಹೆಜ್ಜೆ ಓಡಿದಳು. ಹಿಂದೆ ತಿರುಗಿ ನೋಡಿದರೆ, ಆಹಾ, ಅಜ್ಜಿ ಹಿಂದೆ.

"ಏಯ್, ಎಲ್ಲಿಗೆ?" ಅಜ್ಜಿ ಕೋಲು ಕುಟ್ಟಿದರು. "ನಾನು ಹಿಂದಕ್ಕೆ ಬಿದ್ರೆ ಹಿಡಿಯೋರು ಯಾರು? ನನ್ನ ಬೆನ್ನ ಹಿಂದೆ ಬಾ."

"ಅದು ಸರಿ," ಎಂದರು ಮೇಷ್ಟ್ರು ದೂರದಿಂದ. "ಅಜ್ಜಿ ಹಿಂದೆ ಒಬ್ಬರು ಇರ್ಲೇಬೇಕು. ಇನ್ಮೇಲೆ ಪ್ರತಿ ವಾರ ಅದು ನಿನ್ನ ಕೆಲಸ."

ಗುಂಪು ಗೇಟು ಮುಟ್ಟಿ, ತಿರುಗಿ ಬಂದು, ಅಜ್ಜಿಯನ್ನು ಸುತ್ತುಗಟ್ಟಿ ಚಪ್ಪಾಳೆ ತಟ್ಟಿತು. ಬಸ್ ಸ್ಟಾಪಿನವರೂ ತಟ್ಟಿದರು. ಅಜ್ಜಿ ಪಟ್ಟದ ರಾಣಿಯಂತೆ ಕೈ ಬೀಸಿದರು. ಅವರ ಹಿಂದೆ, ಎರಡೂ ಕೈ ಚಾಚಿಕೊಂಡು, ಬಾಲಂಗೋಚಿ. ಅವಳ ಹಿಂದೆ ಇಸ್ತ್ರಿಯಮ್ಮನ ನಾಯಿ.

ನಾಯಿ ಒಮ್ಮೆ ತಲೆಯೆತ್ತಿ ಅವಳ ಮುಖ ನೋಡಿತು. ಆಮೇಲೆ ಅದೂ ಮುಂದೆ ಹೋಯಿತು.