ಕಂಪೌಂಡರನ್ನು ಕೇಳಿ

ಕಂಪ್ಯೂಟರಿನ ಪರದೆಯ ಮೇಲೆ ನಾನೊಂದು ಚೌಕ ಬರೆದರೆ ಸಾಕು, ಅದರೊಳಗೆ ಹಿಡಿಯದ ಮನುಷ್ಯ ಮರುದಿನವೇ ಎದುರಿಗೆ ಬಂದು ನಿಲ್ಲುತ್ತಾನೆ. ಚೌಕ ದೊಡ್ಡದು ಮಾಡಿದರೆ ಅದಕ್ಕಿಂತ ದೊಡ್ಡ ಮನುಷ್ಯ ಬರುತ್ತಾನೆ. ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಜನರಿಗೆ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಿದ್ದ ಕಾಲದಲ್ಲಿ ನನ್ನ ಹಣೆಬರಹವೇ ಇದಾಗಿತ್ತು. ಎಲ್ಲವೂ ನಗು ಬರಿಸುವ ಪ್ರಸಂಗಗಳೇ. ಆದರೆ ನಕ್ಕು ಮುಗಿಯುವಷ್ಟರಲ್ಲಿ ಮನಸ್ಸು ಭಾರವಾಗುತ್ತದೆ, ಯಾಕೆಂದರೆ ಎಲ್ಲದರಲ್ಲೂ ಕಾಕಾ ಇದ್ದಾರೆ.

ಕಾಕಾ ಅಂದರೆ ಹುಮನಾಬಾದಿನ ಒಂದು ಖಾಸಗಿ ದವಾಖಾನೆಯ ಕಂಪೌಂಡರು. ಇಪ್ಪತ್ತು ವರ್ಷಕ್ಕೂ ಮೇಲೆ ಬಾಗಿಲ ಬಳಿ ಮೇಜು ಹಾಕಿಕೊಂಡು, ಬಂದವರ ಹೆಸರು, ಬೇನೆ ಕೇಳಿ ಕೈಯಿಂದ ಚೀಟಿ ಬರೆದು ಡಾಕ್ಟರ ಕಡೆ ಕಳಿಸುತ್ತಿದ್ದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಡಾಕ್ಟರಿಗೆ ಕಂಪ್ಯೂಟರ್ ತರುವ ಹುಕಿ ಬಂತು. ನನ್ನನ್ನು ಕರೆಸಿದರು. ಕಾಕಾನ ಎದುರಿಗೇ ಹೇಳಿದರು: "ದೀಪಾವಳಿತನಕ ನೋಡ್ತೀನ್ರಿ. ಇವರಿಗೆ ಚೀಟಿ ತೆಗೀಲಿಕ್ಕೆ ಬಂದ್ರ ಇರಲಿ. ಬರಲಿಲ್ಲಂದ್ರ ಬ್ಯಾರೇದವರನ್ನ ಇಡ್ತೀನಿ."

ಕಾಕಾನಿಗೆ ಆ ನೌಕರಿ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ತಮ್ಮಾ, ನನಗ ಬರೂಹಂಗ ಮಾಡಪಾ" ಅಂದರು. ಮಾಡುತ್ತೇನೆ ಅಂದೆ.

ಒಂದು: ಮುಳ್ಳು

ಮೊದಲ ಪರದೆ ಡಾಕ್ಟರ ಅಪ್ಪಣೆಯಂತೆ ತಯಾರಾಯಿತು. ಏನೂ ಬಿಡಬಾರದು, ಎಲ್ಲ ಇರಬೇಕು ಅಂದಿದ್ದರು. ನಲವತ್ತು ಚೌಕ ಆದವು. ಊಟ, ನಿದ್ದೆ, ತಂದೆಯ ಬೇನೆ, ತಾಯಿಯ ಬೇನೆ, ಹಿಂದೆ ಆದ ಆಪರೇಷನ್. ಒಂದು ಖಾಲಿ ಬಿಟ್ಟರೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಮೊದಲ ದಿನವೇ ಮೋರಖಂಡಿಯ ರೈತರೊಬ್ಬರು ಕುಂಟುತ್ತ ಬಂದರು. ಅಂಗಾಲಿಗೆ ಜಾಲಿ ಮುಳ್ಳು ನಟ್ಟಿತ್ತು. ಕಾಕಾ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ ಕೇಳತೊಡಗಿದರು. ನಿದ್ದೆ ಬರುತ್ತದೆಯೇ? ಎದೆ ಹಿಡಿದಂತಾಗುತ್ತದೆಯೇ? ಅಪ್ಪ ಯಾವ ಬೇನೆಯಿಂದ ತೀರಿಕೊಂಡರು? ಹದಿನೈದನೇ ಪ್ರಶ್ನೆಗೆ ರೈತರ ಮುಖ ಬಿಳಿಚಿಕೊಂಡಿತು. ಇಪ್ಪತ್ತನೆಯದಕ್ಕೆ ಎದ್ದು ನಿಂತರು.

"ಎಲ್ಲಿಗ್ರಿ?" ಅಂದರು ಕಾಕಾ.

"ಮನಿಗ್ರಿ. ಮುಳ್ಳಂತ ತಿಳಕೊಂಡು ಬಂದಿದ್ದೆ. ಇಷ್ಟು ದೊಡ್ಡ ಬ್ಯಾನಿ ಅದ ಅಂದ್ರ ಹೇಣ್ತಿಗೆ ಒಂದು ಮಾತು ಹೇಳಿ ಬರ್ತೀನಿ."

ಮುಳ್ಳು ಕಾಲಲ್ಲೇ ಇತ್ತು. ಕುಂಟುತ್ತಲೇ ಹೋದರು.

ಎರಡು: ಮೂರನೇ ಹಾಳೆ

ನನಗೆ ಸಿಟ್ಟು ಬಂತು. ನಲವತ್ತೂ ಕಿತ್ತು ಬಿಸಾಡಿ ಹೆಸರಿಗೊಂದು, ಊರಿಗೊಂದು ಚೌಕ ಇಟ್ಟೆ. ಕೆಳಗೆ 'ಏನಾಗಿದೆ?' ಎಂದು ಬರೆದು ಒಂದು ದೊಡ್ಡ ಖಾಲಿ ಜಾಗ ಬಿಟ್ಟೆ. ಏನು ಬೇಕಾದರೂ ಬರೆಯಬಹುದು. ಇಷ್ಟರ ಹೊತ್ತಿಗೆ ಕಾಕಾನ ಬೆರಳೂ ಪಳಗಿತ್ತು. ಎರಡು ಬೆರಳು ಬಳಸುವಷ್ಟು ಮುಂದುವರಿದಿದ್ದರು.

ಮುಡಬಿಯಿಂದ ಬಂದ ಅಮ್ಮನೊಬ್ಬಳು ಅವರ ಮುಂದೆ ಕೂತಳು. ಆಕೆ ಹೇಳುತ್ತ ಹೋದಳು, ಕಾಕಾ ಟೈಪ್ ಹೊಡೆಯುತ್ತ ಹೋದರು. ಸೊಸೆ ರೊಟ್ಟಿ ದಪ್ಪ ತಟ್ಟುವುದು, ಮಗ ಆರು ತಿಂಗಳಿಂದ ಮಾತು ಬಿಟ್ಟದ್ದು, ಎಮ್ಮೆ ಗಬ್ಬ ನಿಲ್ಲದ್ದು. ಬೆಂಚಿನ ಮೇಲಿದ್ದ ಉಳಿದವರು ತಮ್ಮ ಬೇನೆ ಮರೆತು ಕೇಳುತ್ತ ಕೂತರು. ಪ್ರಿಂಟರಿನಿಂದ ಮೂರು ಹಾಳೆ ಬಂದವು.

ಡಾಕ್ಟರು ಹಾಳೆ ಹಿಡಿದುಕೊಂಡೇ ಹೊರಗೆ ಬಂದರು. "ಏನ್ರಿ ಇದು? ಚೀಟಿನೋ, ಪುರಾಣನೋ? ಬ್ಯಾನಿ ಎಲ್ಲಿ ಅದ?"

ಕಾಕಾ ಎದ್ದು ನಿಂತು ವಿನಯದಿಂದ ಹೇಳಿದರು: "ಮೂರನೇ ಹಾಳ್ಯಾಗ ಬರ್ತದ್ರಿ ಸಾಹೇಬ್ರ. ಜರಾ ತಾಳ್ರಿ, ಮೊದಲ ಎರಡು ಓದಿದ್ರ ಛಲೋ ತಿಳೀತದ."

ಡಾಕ್ಟರು ಓದಲಿಲ್ಲ. ಹೊಟ್ಟೆಗೆ ಗುಳಿಗೆ ಬರೆದು ಕಳಿಸಿದರು. ಆಮೇಲೆ ನಾನು ಓದಿದೆ. ಮೂರನೇ ಹಾಳೆಯಲ್ಲಿ ಹೊಟ್ಟೆಯ ಮಾತೇ ಇರಲಿಲ್ಲ. 'ಎರಡು ತಿಂಗಳಾತು ಕಣ್ಣಿಗೆ ಕಣ್ಣು ಹತ್ತಿಲ್ಲ' ಎಂದಿತ್ತು.

ಮೂರು: ಪಲ್ಟಿ

ದೀಪಾವಳಿಗೆ ಹದಿನೈದು ದಿನ ಉಳಿದಿತ್ತು. ಡಾಕ್ಟರು ನನಗೂ ಎಚ್ಚರಿಕೆ ಕೊಟ್ಟರು. ಈ ಸಲ ನಡುವಿನ ದಾರಿ ಹಿಡಿದೆ. ಖಾಲಿ ಜಾಗ ತೆಗೆದು ಬೇನೆಗಳ ಪಟ್ಟಿ ಮಾಡಿದೆ. ಕಾಕಾ ಪಟ್ಟಿಯಲ್ಲಿ ಒಂದನ್ನು ಆರಿಸಿ ಗುಂಡಿ ಒತ್ತಿದರೆ ಮುಗಿಯಿತು. ಅಚ್ಚುಕಟ್ಟಾಗಿರಲಿ ಎಂದು ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ. ನನ್ನ ದುರ್ದೈವ, ಮೊದಲು ಬಂದದ್ದು 'ಅಪಘಾತ'. ಏನೂ ಆರಿಸದೆ ಗುಂಡಿ ಒತ್ತಿದರೆ ಮೊದಲಿನದೇ ಚೀಟಿಯ ಮೇಲೆ ಮೂಡುತ್ತಿತ್ತು. ಕಾಕಾನಿಗೆ ಅದನ್ನು ಹೇಳಲು ಮರೆತೆ.

ಮರುದಿನ ಮುಂಜಾನೆ ಡಾಕ್ಟರು ಹಿಂಬಾಗಿಲಿನಿಂದ ಒಳಗೆ ಬಂದು ಕೂತರು. ಮೇಜಿನ ಮೇಲೆ ಸಾಲಾಗಿ ಹದಿನೇಳು ಚೀಟಿ, ಹದಿನೇಳೂ ಅಪಘಾತ. ಹೈವೇ ಮೇಲೆ ಬಸ್ಸು ಉರುಳಿದೆ ಎಂದೇ ತಿಳಿದು, ಚಹಾ ಅಲ್ಲಿಯೇ ಬಿಟ್ಟು, ಹತ್ತಿಯ ಸುರುಳಿ ಹಿಡಿದು ಹೊರಗೆ ಓಡಿಬಂದರು. ಬೆಂಚಿನ ಮೇಲೆ ಕೆಮ್ಮುವವರು, ತುರಿಸಿಕೊಳ್ಳುವವರು ಶಾಂತವಾಗಿ ಕೂತಿದ್ದರು.

"ಬಸ್ ಎಲ್ಲಿ ಪಲ್ಟಿ ಆಗ್ಯದ?" ಅಂತ ಕಿರುಚಿದರು.

ಕಾಕಾ ಪರದೆ ನೋಡಿದರು, ಚೀಟಿ ನೋಡಿದರು, ವಿಷಯ ಹೊಳೆಯಿತು. "ಬಸ್ ಪಲ್ಟಿ ಆಗಿಲ್ರಿ ಸಾಹೇಬ್ರ. ನಾನೇ ಆಗೀನಿ."

ಬೆಂಚು ಪೂರ್ತಿ ನಕ್ಕಿತು. ಡಾಕ್ಟರು ಮಾತ್ರ ನಗಲಿಲ್ಲ.

ನಾಲ್ಕು: ಏಳು ಗುಂಡಿ

ಇನ್ನು ಉಳಿದದ್ದು ಒಂದೇ ಉಪಾಯ. ಪಟ್ಟಿಯನ್ನೂ ತೆಗೆದುಹಾಕಿದೆ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಒಂದರಿಂದ ಆರರವರೆಗಿನ ಗುಂಡಿಗಳ ಮೇಲೆ ಸಣ್ಣ ಚಿತ್ರ ಅಂಟಿಸಿದೆ: ತಲೆ, ಎದೆ, ಹೊಟ್ಟೆ, ಕೈಕಾಲು, ಚರ್ಮ, ಜ್ವರ. ಒತ್ತಿದರೆ ಚೀಟಿ ಬಂತು, ಅಷ್ಟೆ.

ಈ ಆರರಲ್ಲಿ ಹಿಡಿಯದ ಬೇನೆಗಳಿರುತ್ತವೆ ಎಂದು ಇಷ್ಟರಲ್ಲಿ ಬುದ್ಧಿ ಬಂದಿತ್ತು. ಅದಕ್ಕೆ ಏಳನೇ ಗುಂಡಿ ಇಟ್ಟೆ. ಅದನ್ನು ಒತ್ತಿದರೆ ಖಾಲಿ ಚೀಟಿ ಬರುತ್ತಿತ್ತು. ತಲೆಬರಹದಲ್ಲಿ 'ಕಂಪೌಂಡರನ್ನು ಕೇಳಿ' ಎಂದಿರುತ್ತಿತ್ತು. ಕೆಳಗಿನ ಖಾಲಿ ಜಾಗದಲ್ಲಿ ಕಾಕಾ ಹಿಂದಿನಂತೆ ಪೆನ್ನಿನಿಂದ ಬರೆಯಬೇಕು. ನಿಜ ಹೇಳಬೇಕೆಂದರೆ ಅದು ನನ್ನ ಕಿತಾಪತಿ. ಅವರನ್ನು ಯಾರೂ ಎಬ್ಬಿಸದಂತೆ ಪ್ರೋಗ್ರಾಮಿನೊಳಗೇ ಕೂಡಿಸಿದ್ದೆ.

ಕಾಕಾ ಒಂದೇ ದಿನದಲ್ಲಿ ಕಲಿತರು. ಒಂದೂ ತಪ್ಪಾಗಲಿಲ್ಲ. ನಾವಿಬ್ಬರೂ ಸಂತೋಷದಿಂದ ಡಾಕ್ಟರನ್ನು ಕರೆದು ತೋರಿಸಿದೆವು. ಅವರು ತಾವೇ ಕೂತು ಏಳೂ ಗುಂಡಿ ಒತ್ತಿ ನೋಡಿದರು.

"ಭಾಳ ಛಲೋ ಆಗ್ಯದ್ರಿ. ಇಷ್ಟು ಸಸಾರ ಅದ ಅಂದ್ರ ಯಾರು ಬೇಕಾದವರು ಒತ್ತತಾರ. ಕಾಕಾನ್ನ ಸುಮ್ನ ಯಾಕ ಕೂಡಿಸೋದು?"

ದೀಪಾವಳಿಯ ಮರುದಿನದಿಂದ ಆ ಕುರ್ಚಿಯಲ್ಲಿ ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿ ಅರ್ಧ ಪಗಾರಕ್ಕೆ ಬಂದು ಕೂತಳು. ಡಾಕ್ಟರು ಹಾಗಂದ ದಿನವೇ ನಾನು ಕಾಕಾನ ಮುಖ ನೋಡಲಾರದೆ ಬಸ್ ಸ್ಟ್ಯಾಂಡಿನ ಹಾದಿ ಹಿಡಿದಿದ್ದೆ. ಅವರೇ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರು.

"ನಿಂದೇನು ತಪ್ಪಿಲ್ಲ ತಮ್ಮಾ. ನನಗ ಬರೂಹಂಗ ಮಾಡಂದೆ. ನೀ ಎಲ್ಲಾರಿಗೂ ಬರೂಹಂಗ ಮಾಡಿದಿ."

ಐದು: ಚೀಟಿ ಹಿಡಿದು ಬಂದವರು

ವಾರ ಕಳೆದಿರಲಿಲ್ಲ, ಡಾಕ್ಟರ ಫೋನು ಬಂತು. "ಪೇಶಂಟ್ ಅರ್ಧಕ್ಕರ್ಧ ದಾರ್ಯಾಗ ಮಾಯ ಆಗಾಕತ್ತಾರ್ರಿ. ಬರ್ರಿ."

ಹೋಗಿ ನೋಡಿದೆ. ಮೈಯೆಲ್ಲ ಹರಿದಂತಾಗುತ್ತದೆ, ಜೀವ ತಳಮಳ ಅಂದವರಿಗೆಲ್ಲ ಆ ಹುಡುಗಿ ಏಳನೇ ಗುಂಡಿ ಒತ್ತಿ ಚೀಟಿ ಕೊಡುತ್ತಿದ್ದಳು. 'ಕಂಪೌಂಡರನ್ನು ಕೇಳಿ' ಎಂದು ಅಚ್ಚಾದ ಚೀಟಿ. ನಮ್ಮ ಜನ ಅಚ್ಚಾದದ್ದನ್ನು ನಂಬುತ್ತಾರೆ. ಚೀಟಿ ಹಿಡಿದು, ಮಾಣಿಕನಗರದ ಕಡೆ ಆಟೋ ಹತ್ತಿ, ಕಾಕಾನ ಮನೆ ಕೇಳಿಕೊಂಡು ಹೋಗುತ್ತಿದ್ದರು. ಕಾಕಾ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿ, ಚೀಟಿ ತುಂಬಿಸಿ ವಾಪಸ್ ಕಳಿಸುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಎಲ್ಲರಿಗೂ ಚಹಾ ಕೊಡುತ್ತಿದ್ದರು.

"ಚೀಟಿ ಮ್ಯಾಲಿನ ಆ ಸಾಲು ತೆಗೀರಿ" ಅಂದರು ಡಾಕ್ಟರು.

ಒಂದು ನಿಮಿಷದ ಕೆಲಸ. "ಅದನ್ನ ತೆಗೆದ್ರ ಪೂರಾ ಪ್ರೋಗ್ರಾಂ ಬಂದ್ ಬೀಳ್ತದ್ರಿ ಸಾಹೇಬ್ರ" ಎಂದು ಸುಳ್ಳು ಹೇಳಿದೆ. ನಂಬಿಬಿಟ್ಟರು. ನಾನು ಹೇಳಿದ್ದರಲ್ಲಿ ಡಾಕ್ಟರು ತಕರಾರು ಮಾಡದೆ ಒಪ್ಪಿದ್ದು ಅದೊಂದೇ. ಆದರೂ ಕಾಕಾನನ್ನು ವಾಪಸ್ ಕರೆಯಲಿಲ್ಲ.

ಆರು: ಕಡೆಯ ಚೀಟಿ

ಎಂಟು ವರ್ಷದ ಮೇಲೆ ಕಾಕು ತೀರಿಕೊಂಡರು. ತಿಂಗಳಾದರೂ ಕಾಕಾ ಊಟ ಸರಿಯಾಗಿ ಮಾಡುತ್ತಿಲ್ಲವೆಂದು ನೆರೆಯವರು ಹೇಳಿ ಕಳಿಸಿದರು. ನಾನು ಹೋಗಿ, ಬೇಡ ಬೇಡ ಅಂದರೂ ಕೇಳದೆ ಆಟೋದಲ್ಲಿ ಅದೇ ದವಾಖಾನೆಗೆ ಕರೆದುಕೊಂಡು ಹೋದೆ. ಅದೇ ಮೇಜು, ಅದೇ ಕೀಬೋರ್ಡು, ಚಿತ್ರಗಳ ಬಣ್ಣ ಹೋಗಿತ್ತು. ಹುಡುಗಿ ಮಾತ್ರ ಹೊಸಬಳು, ಕಾಕಾ ಯಾರೆಂದು ಆಕೆಗೆ ಗೊತ್ತಿರಲಿಲ್ಲ.

"ಏನಾಗ್ಯದ್ರಿ ಅಜ್ಜಾ? ತಲಿ ನೋವೇನು?"

"ಇಲ್ಲವಾ."

"ಎದಿ? ಹೊಟ್ಟಿ? ಜ್ವರ?"

"ಯಾವ್ದೂ ಇಲ್ಲವಾ. ಮನಿ ಖಾಲಿ ಆದಂಗ ಒಳಗೂ ಖಾಲಿ ಆಗ್ಯದ."

ಹುಡುಗಿ ಆರೂ ಗುಂಡಿಗಳ ಮೇಲೆ ಬೆರಳಾಡಿಸಿದಳು. ಯಾವುದೂ ಹೊಂದಲಿಲ್ಲ. ಏಳನೆಯದನ್ನು ಒತ್ತಿ, ಬಂದ ಚೀಟಿ ಹರಿದು ಕಾಕಾನ ಕೈಗಿಟ್ಟಳು.

ಕಾಕಾ ಕನ್ನಡಕ ಏರಿಸಿ ತಲೆಬರಹ ಓದಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಬಂತು. ಚೀಟಿಯನ್ನು ಮಡಚಿ ಮೆಲ್ಲಗೆ ಆಕೆಗೇ ವಾಪಸ್ ಕೊಟ್ಟರು.

"ಅಂವನ್ನ ಕೇಳೇ ಬಂದೀನವಾ. ಅಂವಗೂ ತಿಳೀವಲ್ದಂತ."