ದವಡೆಗೆ ಸ್ಕ್ರೂ, ನಾಲಿಗೆಗೆ ಕಾವಲು

ಜಗತ್ತಿನ ಸ್ಕ್ರೂಗಳಿಗೆಲ್ಲ ನನ್ನ ಮೇಲೆ ಹಳೆಯ ಹಗೆ ಇರಬೇಕು. ನಾನು ಬೀರು, ಮಂಚ ಜೋಡಿಸಿಕೊಡುವ ಅಂಗಡಿಯ ಸಂಬಳದಾಳು. ಕೈ ಬಿಡುವಿಲ್ಲದಾಗ ಸ್ಕ್ರೂಗಳನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ನನ್ನ ಚಟ. ಒಂದು ದವಡೆಹಲ್ಲು ಸೀಳಿಹೋಯಿತು. ಹಲ್ಲಿನ ಡಾಕ್ಟರಮ್ಮ ಅದನ್ನು ಕಿತ್ತು, ಮೂಳೆ ಕೊರೆದು, ಹೊಸ ಹಲ್ಲಿಗೆ ಬುಡವಾಗಿ ಅಲ್ಲಿ ನೆಟ್ಟಿದ್ದೇನು? ಇನ್ನೊಂದು ಸ್ಕ್ರೂ! (ಟೈಟೇನಿಯಂ. ನಮ್ಮ ಅಂಗಡಿಯಲ್ಲಿ ಸಿಗದ ಮಾಲು.)

"ಮೂಳೆ ನಿಧಾನಕ್ಕೆ ಬೆಳೆದು ಇದನ್ನ ಹಿಡ್ಕೋಬೇಕು. ತಿಂಗಳುಗಟ್ಟಲೆ ಬೇಕು. ಅಲ್ಲೀವರೆಗೂ ಅಲ್ಲಾಡಿಸ್ಬೇಡಿ, ಕಿತ್ತು ಬಂದೀತು," ಎಂದರು.

ಸ್ಕ್ರೂ ಹಾಕಿ ಅಲ್ಲಾಡಿಸಿ ನೋಡದಿರುವುದು ನಮ್ಮ ಕಸುಬಿನಲ್ಲಿ ಮಹಾಪಾತಕ. ನನ್ನ ನಾಲಿಗೆ ಮೇಸ್ತ್ರಿಯ ಗತ್ತಿನಲ್ಲಿ ಹೊತ್ತುಹೊತ್ತಿಗೂ ತಪಾಸಣೆಗೆ ಹೊರಡುತ್ತಿತ್ತು.

"ರೀ, ಕೆನ್ನೆ ಉಬ್ಬಿತು! ಮತ್ತೆ ಅಲ್ಲಿಗೆ ಹೋಯ್ತಾ ನಾಲಿಗೆ?" ಹೆಂಡತಿ ಗದರಿದಳು.

"ಇಲ್ವೇ, ಸುಮ್ನೆ ವಿಚಾರಿಸ್ಕೊಂಡು ಬಂದೆ."

"ಅದೇನು ನಿಮ್ಮ ನೆಂಟನಾ? ಕಿತ್ಕೊಂಡು ಬಂದ್ರೆ ಮತ್ತೆ ಕೊರೀತಾರೆ, ನೋಡಿ!"

ಕೊರೆಯುವ ಯಂತ್ರ ನೆನೆದು ನಾಲಿಗೆಯನ್ನು ಹಿಂದಕ್ಕೆಳೆದುಕೊಂಡೆ. ಕೊನೆಗೆ ಅವಳೇ ದಿವ್ಯೋಪಾಯ ಕಂಡುಹಿಡಿದಳು. ಮಾತಾಡುತ್ತಿರುವ ನಾಲಿಗೆಗೆ ತಪಾಸಣೆಗೆ ಪುರಸೊತ್ತೆಲ್ಲಿ? ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಫೋನ್ ಹಚ್ಚಿ ತನ್ನ ತಾಯಿಯನ್ನು ನನ್ನ ಕಿವಿಗೆ ಒಪ್ಪಿಸತೊಡಗಿದಳು. ಅದುವರೆಗೆ ಅತ್ತೆಯೊಡನೆ ನನ್ನ ಸಂಭಾಷಣೆ "ಚೆನ್ನಾಗಿದ್ದೀರಾ? ಇವಳಿಗೆ ಕೊಡ್ತೀನಿ" ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ಅಂಗಡಿಯ ಅವಾಂತರಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು. ನಿಜವಾದ ಅವಾಂತರಗಳು ಮುಗಿದ ಮೇಲೆ ಸುಳ್ಳನ್ನೂ ಜೋಡಿಸಿದೆ. (ಜೋಡಿಸುವುದೇ ನನ್ನ ವೃತ್ತಿಯಲ್ಲವೇ?)

ತಿಂಗಳುಗಳು ಉರುಳಿದವು. ಡಾಕ್ಟರಮ್ಮ ಸ್ಕ್ರೂವನ್ನು ತಟ್ಟಿದರು. ಟಣ್!

"ಭೇಷ್! ಮೂಳೆ ಬಿಗಿಯಾಗಿ ಹಿಡ್ಕೊಂಡಿದೆ."

ಮೇಲೆ ಹೊಸ ಹಲ್ಲು ಕೂತಿತು. ಇನ್ನು ಸಂಜೆಯ ಫೋನಿಲ್ಲ, ನನಗೆ ಸ್ವಾತಂತ್ರ್ಯ ಸಿಕ್ಕಿತು ಎಂದು ಕುಣಿಯುವಂತಾಯಿತು.

"ಇನ್ನು ಧಾರಾಳವಾಗಿ ಅಗೀರಿ," ಎಂದರು ಡಾಕ್ಟರಮ್ಮ. "ಹಲ್ಲಿಲ್ಲದ ಕಡೆ ಮೂಳೆ ಕೆಲಸವಿಲ್ದೆ ಕರಗ್ತಾ ಹೋಗುತ್ತೆ. ಕೆಲಸ ಕೊಡ್ತಿದ್ರೆ ವರ್ಷಗಟ್ಟಲೆ ಉಳಿಯುತ್ತೆ."

ಜೊತೆಗೆ ಬಂದಿದ್ದ ಹೆಂಡತಿ ತಕ್ಷಣ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದಳು. ನನ್ನ ಖುಷಿಯ ಸುದ್ದಿ ಹಂಚುತ್ತಿದ್ದಾಳೆ ಅಂದುಕೊಂಡೆ.

ಮನೆಗೆ ಬಂದರೆ, ಬಾಗಿಲಲ್ಲಿ ಸೂಟ್‌ಕೇಸಿನ ಮೇಲೆ ಅತ್ತೆ ಕೂತಿದ್ದಾರೆ!

"ಫೋನಿನಲ್ಲಿ ಕೇಳಿ ತೃಪ್ತಿ ಆಗ್ಲಿಲ್ಲ ಅಳಿಯಂದ್ರೇ. ಎದುರಿಗೇ ಕೇಳೋಣ ಅಂತ ಬಂದ್ಬಿಟ್ಟೆ."

"ಅತ್ತೆ, ನನಗೀಗ ಪೂರ್ತಿ ಗುಣ ಆಯ್ತು..."

"ಗೊತ್ತಪ್ಪಾ, ದಾರೀಲಿದ್ದಾಗ್ಲೇ ಇವಳು ಫೋನ್ ಮಾಡಿ ಹೇಳಿದ್ಲು. ದವಡೆಗೆ ವರ್ಷಗಟ್ಟಲೆ ಕೆಲಸ ಕೊಡ್ಬೇಕಂತೆ!" ಅತ್ತೆ ಸೂಟ್‌ಕೇಸನ್ನು ನನ್ನ ಕೈಗಿತ್ತು ಒಳಗೆ ನಡೆದರು. "ಹೂಂ, ನಿನ್ನೆಯ ಕಥೇಲಿ ಗಿರಾಕಿಯ ಬೀರುವಿನೊಳಗೆ ನಿಮ್ಮನ್ನ ನೀವೇ ಸೇರಿಸಿ ಸ್ಕ್ರೂ ಬಿಗಿದ್ಬಿಟ್ರಲ್ಲ, ಹೊರಗೆ ಬಂದಿದ್ದು ಹೇಗೆ?"

ಅದು ಅಪ್ಪಟ ಸುಳ್ಳು. ಹೊರಗೆ ಬರುವ ದಾರಿ ನನಗಿನ್ನೂ ಹೊಳೆದಿರಲಿಲ್ಲ.